ಮಗ್ಗದ ಮನೆಗೆ ಬಿಸಿಲು ಇಳಿಸಿದ್ದು

ಸುರಪುರದ ರಂಗಂಪೇಟೆಯ ಆ ಮನೆಗೆ ನಾನು ಹೋಗಿದ್ದು ಇಂಟರ್ನೆಟ್ ಕೇಬಲ್ ಎಳೆಯಲು. ಮೇಲಿನ ಮಹಡಿಯವರು ಕನೆಕ್ಷನ್ ಕೇಳಿದ್ದರು. ಕೇಬಲ್ ಎಲ್ಲಾದರೂ ಮುರಿದಿದೆಯೇ ಎಂದು ನೋಡಲು ನಮ್ಮ ಕಸುಬಿನವರ ಹತ್ತಿರ ಒಂದು ಪೆನ್ನು ಇರುತ್ತದೆ. ಒಂದು ತುದಿಗೆ ಅದನ್ನು ಸಿಕ್ಕಿಸಿದರೆ ಇನ್ನೊಂದು ತುದಿಯಲ್ಲಿ ಕೆಂಪು ಚುಕ್ಕೆ ಹೊತ್ತಿಕೊಳ್ಳುತ್ತದೆ. ಮೇಲೆ ಪೆನ್ನು ಸಿಕ್ಕಿಸಿ ಕೆಳಗಿಳಿದು ಬಂದಾಗ, ಕೆಳಮನೆಯ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಆ ಚುಕ್ಕೆಯನ್ನೇ ನೋಡುತ್ತಿದ್ದರು. ಐವತ್ತು ದಾಟಿದ ವಯಸ್ಸು, ಕೈಯಲ್ಲಿ ನೂಲಿನ ಉಂಡೆ.

"ವೈರಿನ್ಯಾಗ ಬೆಳಕು ಬರಾಕತ್ತದಲ್ಲೋ ತಮ್ಮಾ!"

"ಹೌದ್ರಿ ಅಕ್ಕಾರ. ಇದರಾಗ ಕರೆಂಟ್ ಇರಂಗಿಲ್ಲ, ಬರೀ ಬೆಳಕ."

"ಹಂಗಂದ್ರ ಹೊರಗಿನ ಬಿಸಲು ಒಂದಿಷ್ಟು ಇದರಾಗ ತುಂಬಿ ನಮ್ಮ ಮಗ್ಗದ ಮ್ಯಾಲ ಬಿಡಪ್ಪ. ಪುಣ್ಯ ಬರ್ತದ."

ಚೇಷ್ಟೆಗೆ ಅಂದ ಮಾತು. ಆದರೆ ಒಳಗೆ ಕರೆದು ಮಗ್ಗ ತೋರಿಸಿದಾಗ ನನಗೆ ನಗು ಬರಲಿಲ್ಲ. ಎಡಬಲಕ್ಕೂ ಹಿಂದಕ್ಕೂ ಪಕ್ಕದ ಮನೆಗಳ ಗೋಡೆ, ಕಿಟಕಿ ಇಲ್ಲ. ಮೊದಲು ಅದು ಮಣ್ಣಿನ ಮಾಳಿಗೆಯಾಗಿತ್ತಂತೆ. ಮಗ್ಗದ ನೆತ್ತಿಗೆ ಸರಿಯಾಗಿ ಒಂದು ಬೆಳಕಿಂಡಿ ಇತ್ತಂತೆ. ಆಕೆಯ ಗಂಡ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಮೈದುನ ಪಿಲ್ಲರ್ ಎಬ್ಬಿಸಿ, ಸ್ಲ್ಯಾಬ್ ಹಾಕಿ ಮೇಲೆ ಮನೆ ಕಟ್ಟಿಕೊಂಡ. ಬೆಳಕಿಂಡಿ ಅಲ್ಲಿಗೆ ಮುಚ್ಚಿತು. ಅಂದಿನಿಂದ ನಡುಮಧ್ಯಾಹ್ನವೂ ಟ್ಯೂಬ್‌ಲೈಟು.

ಕತ್ತಲೆಗಿಂತ ದೊಡ್ಡ ತೊಂದರೆ ಬಣ್ಣದ್ದು. ಸೀರೆಯ ದಡಿಗೆ, ಅಂದರೆ ಅಂಚಿಗೆ, ಹಾಕುವ ಕಡುಗೆಂಪು ನೂಲು ಎರಡು ಸರದಿಯಲ್ಲಿ ಬಣ್ಣ ಹಾಕಿಸಿ ತಂದದ್ದಾದರೆ ಸ್ವಲ್ಪ ಬೇರೆ ಬೇರೆ ಇರುತ್ತದೆ. ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ. ಬಿಸಿಲಿಗೆ ಹಿಡಿದರೆ ಮಾತ್ರ ದಡಿಯ ಮೇಲೆ ಪಟ್ಟೆ ಎದ್ದು ಕಾಣುತ್ತದೆ. ಹಾಗೆ ಪಟ್ಟೆ ಬಿದ್ದ ಸೀರೆಗಳನ್ನು ಅಂಗಡಿಯವರು ಆಗಲೇ ಒಮ್ಮೆ ವಾಪಸ್ ಕಳಿಸಿದ್ದರು. ನೂಲು ಕೊಡುವವರೂ ಸೀರೆ ಕೊಳ್ಳುವವರೂ ಅವರೇ.

"ಇನ್ನೊಂದ್ಸಲ ಹಿಂಗಾದ್ರ ನೂಲು ಕೊಡಂಗಿಲ್ಲ ಅಂದಾರ," ಎಂದರು ಆಕೆ. "ಉಂಡೆ ಹಿಡ್ಕೊಂಡು ಬಾಗಲಿಗಿ ಓಡಿ ನೋಡಬಹುದು. ಮಗ್ಗಕ್ಕ ಏರಿಸಿದ ಹಾಸು ಹೆಂಗ ಎತ್ಕೊಂಡು ಹೋಗ್ಲಿ? ಕುಣಿ ತೋಡಿ ಕೂಡ್ರಿಸಿದ ಮಗ್ಗ ಇದು."

ಮಗ್ಗ ನಿಂತರೆ ಹೊಲದ ಕೂಲಿಗೆ ಹೋಗಬೇಕು.

ನಾನು ಎಷ್ಟೋ ವರ್ಷಗಳಿಂದ ಕೇಬಲ್ಲಿನೊಳಗಿನ ಈ ಗಾಜಿನ ಎಳೆಗಳನ್ನು ಬೆಸೆಯುತ್ತಿದ್ದೇನೆ. ಅವುಗಳಲ್ಲಿ ಓಡುವ ಬೆಳಕು ಮನುಷ್ಯರ ಕಣ್ಣಿಗೆ ಕಾಣುವ ಜಾತಿಯದಲ್ಲ. ದಿನವಿಡೀ ಬೆಳಕಿನ ಕೆಲಸ ಮಾಡಿ ಬೆಳಕನ್ನೇ ನೋಡದವನು ನಾನು. ಅದಕ್ಕೇ ಇರಬೇಕು, ಕೇಬಲ್ ಕೆಲಸ ಮುಗಿಸಿ ನಮ್ಮೂರು ಶಹಾಪುರದ ಬಸ್ಸು ಹತ್ತುವ ಮೊದಲೇ "ನೋಡ್ತೀನ್ರಿ ಅಕ್ಕಾರ" ಎಂದುಬಿಟ್ಟಿದ್ದೆ.

ಮೊದಲು ಮಾಡಿದ್ದು ಸುಲಭದ ಕೆಲಸ. ಮನೆಯಲ್ಲಿ ಉಳಿದುಬಿದ್ದ ಕೇಬಲ್ ತುಂಡುಗಳಿದ್ದವು. ಒಂದು ತುಂಡಿನ ಎಳೆಗಳನ್ನೆಲ್ಲ ಒಟ್ಟುಗೂಡಿಸಿ, ಓದುವ ಭೂತಗನ್ನಡಿಯಿಂದ ಬಿಸಿಲನ್ನು ಅವುಗಳ ಬಾಯಿಗೆ ಬೀಳಿಸಿದೆ. ಇನ್ನೊಂದು ತುದಿಯನ್ನು ಒಳಗೆ ಕತ್ತಲೆಯ ಕೋಣೆಯಲ್ಲಿ ಅಂಗೈ ಮೇಲೆ ಹಿಡಿದರೆ ಸೂಜಿಮೊನೆಯಷ್ಟು ಬೆಳಕೂ ಬೀಳಲಿಲ್ಲ. ನಮ್ಮ ಕೇಬಲ್ಲಿನ ಗಾಜಿನ ಎಳೆಯೇ ತಲೆಗೂದಲಷ್ಟು. ಅದರೊಳಗೆ ಬೆಳಕು ಓಡುವ ನಡುಭಾಗ ಆ ಕೂದಲಿನ ಹತ್ತರಲ್ಲೊಂದು ಪಾಲಿಗೂ ಕಡಿಮೆ. ಭೂತಗನ್ನಡಿ ಬೀಳಿಸುವ ಸೂರ್ಯನ ಚಿತ್ರ ಜೋಳದ ಕಾಳಿನಷ್ಟು ದೊಡ್ಡದು. ಕೊಡದ ನೀರನ್ನು ಸೂಜಿಯ ಕಣ್ಣಿಗೆ ಸುರಿದಂತೆ ಎಲ್ಲ ಹೊರಗೇ ಹೋಗುತ್ತಿತ್ತು. ಇದು ನನಗೆ ಗೊತ್ತಿರಬೇಕಾದ ವಿಷಯವೇ. ಗೊತ್ತೂ ಇತ್ತು. ಆದರೂ ಒಂದು ವಾರ ಬೇರೆ ಬೇರೆ ತುಂಡು ಕತ್ತರಿಸಿ ಅದನ್ನೇ ಮಾಡಿದೆ.

ಆಮೇಲೆ ಹೈದರಾಬಾದಿನಿಂದ ಪ್ಲಾಸ್ಟಿಕ್ ಎಳೆ ತರಿಸಿದೆ. ಮದುವೆ ಮಂಟಪಗಳ ಒಳಛಾವಣಿಯಲ್ಲಿ ನಕ್ಷತ್ರದಂತೆ ಮಿನುಗಲು ಹಾಕುತ್ತಾರಲ್ಲ, ಅದು. ಒಂದೊಂದು ಎಳೆಯೂ ಮೀನಿನ ಗಾಳದ ದಾರದಷ್ಟು ದಪ್ಪ. ಅವನ್ನು ಕಟ್ಟು ಕಟ್ಟಿ, ಬಾಯಿಯನ್ನು ಬ್ಲೇಡಿನಿಂದ ಕತ್ತರಿಸಿ, ಒರಟು ಸ್ಯಾಂಡ್‌ಪೇಪರಿನಿಂದ ಶುರುಮಾಡಿ ನಯವಾದದ್ದರವರೆಗೆ ನೀರು ಹಚ್ಚಿ ಉಜ್ಜಿ, ಕನ್ನಡಿಯಂತೆ ಹೊಳೆಯುವ ಹಾಗೆ ಮಾಡಿದೆ. ಬಿಸಿಲು ಹಿಡಿಯಲು ದೊಡ್ಡ ಮಸೂರ ಬೇಕಿತ್ತು. ಯಾದಗಿರಿಯ ಗುಜರಿ ಅಂಗಡಿಯೊಂದರಲ್ಲಿ ಹಳೆಯ ದೊಡ್ಡ ಪ್ರೊಜೆಕ್ಷನ್ ಟಿವಿ ಬಿದ್ದಿತ್ತು. ಅದರ ಪರದೆಯ ಹಿಂದೆ ಒಂದು ಚಪ್ಪಟೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಮೇಲೆ ಗ್ರಾಮಫೋನ್ ತಟ್ಟೆಯಂತೆ ಗೆರೆಗಳು. ಅದೇ ಮಸೂರ. ಅಂಗಡಿಯವನಿಗೆ ಅದರ ಉಪಯೋಗ ಗೊತ್ತಿರಲಿಲ್ಲ. ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದೆ.

ನಮ್ಮ ಮಾಳಿಗೆಯ ಮೇಲೆ ಅದನ್ನು ಬಿಸಿಲಿಗೆ ಎತ್ತಿ ಹಿಡಿದು, ಎಳೆಗಳ ಕಟ್ಟನ್ನು ಅದು ಬೀಳಿಸಿದ ಬೆಳಕಿನ ಚುಕ್ಕೆಗೆ ತಂದೆ. ಒಂದು ಕ್ಷಣ ಇನ್ನೊಂದು ತುದಿ ಬೆಳ್ಳಗೆ ಧಗ್ ಎಂದು ಹೊಳೆಯಿತು. ನನ್ನ ಆಯುಷ್ಯದಲ್ಲಿ ಕೇಬಲ್ಲಿನಿಂದ ಅಂಥ ಬೆಳಕು ಬಂದದ್ದು ಅದೇ ಮೊದಲು. "ಅಯ್ಯೋ" ಅನ್ನುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಕಟ್ಟಿನ ಬಾಯಿ ಕರಗಿ, ಮೇಣದಬತ್ತಿಯಂತೆ ಇಳಿದು, ಕಪ್ಪಾಗಿತ್ತು.

ಇನ್ನೊಂದು ಕಟ್ಟು ತರಲು ಕೆಳಗೆ ಹೋದೆ, ಮಸೂರವನ್ನು ಗೋಡೆಗೆ ಒರಗಿಸಿ. ವಾಪಸ್ ಬರುವಾಗ ಅವ್ವ ಮೇಲೆ ನಿಂತು ಒದರುತ್ತಿದ್ದಳು. ಒಣಗಲು ಹಾಕಿದ ಕೌದಿಯ ನಡುವೆ ಕೈ ತೂರುವಷ್ಟು ತೂತು. ಅಂಚು ಇನ್ನೂ ಹೊಗೆಯಾಡುತ್ತಿತ್ತು.

"ಮನಿ ಸುಡಬೇಕಂತ ಮಾಡೀಯೇನು? ಜನಕ್ಕ ಇಂಟರ್‌ನೆಟ್ ಹಾಕಿಕೊಡು ಅಂದ್ರ ಇಲ್ಲಿ ಬಿಸಲು ಹಿಡ್ಯಾಕತ್ತಾನ! ಯಾರು ಕೇಳ್ಯಾರ ನಿನಗ ಬಿಸಲ?"

"ಒಬ್ಬಾಕಿ ಕೇಳ್ಯಾಳವ್ವ."

"ಆಕೀ ಕೌದಿ ಸುಡು ಹೋಗು!"

ಬಿಸಿಲಿನಲ್ಲಿ ಬೆಳಕಿನ ಜೊತೆ ಕಾವೂ ಬರುತ್ತದೆ. ಕಾವನ್ನು ಹೊರಗಿಟ್ಟು ಬೆಳಕನ್ನಷ್ಟೇ ಒಳಗೆ ಬಿಡಬೇಕು. ಮಸೂರಕ್ಕೂ ಕಟ್ಟಿಗೂ ನಡುವೆ ನೀರು ತುಂಬಿದ ಗಾಜಿನ ಪೆಟ್ಟಿಗೆ ಇಟ್ಟು ನೋಡಿದೆ. ನೀರು ಕಾವನ್ನು ಕುಡಿಯಿತು ನಿಜ, ಆದರೆ ಸ್ವಲ್ಪ ಹೊತ್ತಿಗೆಲ್ಲ ಗಾಜಿಗೆ ಗುಳ್ಳೆ ಅಂಟಿ ಬೆಳಕು ಚೆಲ್ಲಾಪಿಲ್ಲಿಯಾಯಿತು. ಆಗ ನೆನಪಾದದ್ದು ಮುಚ್ಚಿಹೋದ ಟಾಕೀಸೊಂದರ ಹಳೆಯ ಆಪರೇಟರ್. ಫಿಲ್ಮ್ ಸುಡದಂತೆ ಪ್ರೊಜೆಕ್ಟರಿನ ದೀಪದ ಮುಂದೆ ಒಂದು ಗಾಜು ಇಡುತ್ತಿದ್ದರು. ಬೆಳಕು ಬಿಟ್ಟು ಕಾವು ತಡೆಯುವ ಗಾಜು. ಅಂಥದ್ದೊಂದು ಅವರ ಮನೆಯಲ್ಲಿ ಬಟ್ಟೆಯಲ್ಲಿ ಸುತ್ತಿ ಇತ್ತು. "ಒಡದ್ರ ನನ್ನ ಕಡಿ ಬರಬ್ಯಾಡ" ಎಂದು ಕೊಟ್ಟರು. ಕಟ್ಟಿನ ಬಾಯಿಯನ್ನು ಚುಕ್ಕೆ ತೀರ ಚಿಕ್ಕದಾಗುವ ಜಾಗಕ್ಕಿಂತ ಸ್ವಲ್ಪ ಮುಂದೆ ಇಟ್ಟು, ಎದುರಿಗೆ ಆ ಗಾಜು ಕೂಡಿಸಿದಾಗ ಕರಗುವುದು ನಿಂತಿತು.

ಇನ್ನು ಸೂರ್ಯ ನಿಲ್ಲಬೇಕಿತ್ತು. ಅವನು ನಿಲ್ಲುವುದಿಲ್ಲವಲ್ಲ. ಚುಕ್ಕೆಯನ್ನು ಕಟ್ಟಿನ ಬಾಯಿಗೆ ಕೂಡಿಸಿ ಬೀಡಿ ಹಚ್ಚುವಷ್ಟರಲ್ಲಿ ಅದು ಪಕ್ಕಕ್ಕೆ ಸರಿದಿರುತ್ತಿತ್ತು. ಹಳೆಯ ಡಿಶ್ ಆಂಟೆನಾ ತಿರುಗಿಸುವ ಮೋಟಾರು ಹುಡುಕಿದೆ. ಶಹಾಪುರದ ಲೇತ್ ಅಂಗಡಿಯ ಗೆಳೆಯ ಅದಕ್ಕೆ ಕಬ್ಬಿಣದ ಚೌಕಟ್ಟು ಮಾಡಿಕೊಟ್ಟ. ನಡುವೆ ತಗಡಿನ ಪಟ್ಟಿ ನಿಲ್ಲಿಸಿ ಎರಡೂ ಕಡೆ ಬೆಳಕು ಅಳೆಯುವ ಕಣ್ಣುಗಳನ್ನು ಹಚ್ಚಿದೆ, ಕರೆಂಟು ಹೋದರೂ ನಡೆಯಲೆಂದು ಬ್ಯಾಟರಿ ಕೂಡಿಸಿದೆ. ಯಾವ ಕಣ್ಣಿಗೆ ನೆರಳು ಬಿದ್ದರೂ ಮೋಟಾರು ತಿರುಗಿ ಸರಿಮಾಡಿಕೊಳ್ಳಬೇಕು. ಆಕಾಶ ಶುಭ್ರವಾಗಿದ್ದಾಗ ಸರಿ. ತುಣುಕು ಮೋಡ ಬಂದರೆ ದಿಕ್ಕು ತಪ್ಪಿದ ಎಮ್ಮೆಯಂತೆ ಅತ್ತ ಇತ್ತ ಕತ್ತು ಹೊರಳಿಸುತ್ತಿತ್ತು. ಅದನ್ನು ಸರಿಪಡಿಸಲು ಹೋಗಿ ಎರಡು ಸರ್ಕಿಟ್ ಸುಟ್ಟೆ. ಲೇತಿನ ಗೆಳೆಯ ಬೇಸತ್ತು ಕೇಳಿದ: "ಲೇ, ಆಕೀಗಿ ಒಂದು ಛಲೋ ಬಲ್ಬ್ ಕೊಡಿಸಬಾರದೇನಲೇ?"

ಅದನ್ನೂ ಮಾಡಿ ನೋಡಿದ್ದೆ. ಸಿಕ್ಕ ಬಲ್ಬುಗಳಲ್ಲಿ ಯಾವುದೂ ಆ ಎರಡು ಕೆಂಪುಗಳನ್ನು ಬಿಡಿಸಿ ತೋರಿಸಲಿಲ್ಲ. ಜೊತೆಗೆ ದಿನಕ್ಕೆಷ್ಟೋ ಸಲ ಕರೆಂಟು ಹೋಗುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನಗೆ ಹಟ ಬಂದಿತ್ತು.

ಸಂಕ್ರಾಂತಿ ಕಳೆದ ಮೇಲೆ ಎಲ್ಲವನ್ನೂ ಟಂಟಂ ಗಾಡಿಗೆ ಹೇರಿಕೊಂಡು ರಂಗಂಪೇಟೆಗೆ ಹೋದೆ. ಯಂತ್ರ ಕೂಡಿಸಬೇಕಾದದ್ದು ಮೇಲಿನ ಮನೆಯ ಮೇಲ್ಛಾವಣಿಯ ಮೇಲೆ. ಮೈದುನ ಗೊಬ್ಬರದ ಅಂಗಡಿ ಇಟ್ಟವರು, ಕಡಿಮೆ ಮಾತಿನವರು.

"ಮಾಳಿಗಿ ಮ್ಯಾಲ ಇಡ್ರಿ, ನಂದೇನು ತಕರಾರಿಲ್ಲ. ಸ್ಲ್ಯಾಬಿಗಿ ಮಾತ್ರ ಕೈ ಹಚ್ಚಬ್ಯಾಡ್ರಿ. ಒಂದು ಮೊಳಿ ಸೈತ ಹೊಡಿಬ್ಯಾಡ್ರಿ. ಮೊದಲಾ ಸೋರ್ತದ."

ಹಾಗಾಗಿ ಕೇಬಲ್ಲು ಸುತ್ತು ದಾರಿ ಹಿಡಿಯಿತು. ಛಾವಣಿಯಿಂದ ಅಂಚಿನ ಕಟಾಂಜನ ದಾಟಿ, ಮುಂದಿನ ಗೋಡೆಗುಂಟ ಇಳಿದು, ತಲೆಬಾಗಿಲ ಮೇಲಿನ ಸಂದಿಯಲ್ಲಿ ತೂರಿ, ಪಡಸಾಲೆಯ ತೊಲೆಗುಂಟ ಓಡಿ, ಹಿಂದಿನ ಮಗ್ಗದ ಕೋಣೆಗೆ. ಎಳೆದು ಕಟ್ಟುವುದರಲ್ಲಿ ದಿನ ಮುಗಿಯಿತು. ಮರುದಿನ ಬೆಳಗ್ಗೆ ಬಿಸಿಲು ಏರಿದಾಗ ಮಸೂರದ ಮೇಲಿನ ಬಟ್ಟೆ ತೆಗೆದು ಕೆಳಗೆ ಓಡಿದೆ.

ಮಗ್ಗದ ಮೇಲೆ ಬೆಳಕು ಬಿದ್ದಿತ್ತು. ಆಕೆ ಟ್ಯೂಬ್‌ಲೈಟ್ ಆರಿಸಿ, ಕುಣಿಯಲ್ಲಿ ಕಾಲಿಟ್ಟು ಕೂತು, ಎರಡೂ ಅಂಗೈಗಳನ್ನು ಬೆಳಕಿಗೆ ಒಡ್ಡಿದ್ದರು.

"ತಂಪು ಅದಲ್ಲೋ ತಮ್ಮಾ! ಬಿಸಲಿಗಿ ಕಾವ ಇಲ್ಲ."

ನಾನು ಬೆವರು ಒರೆಸಿಕೊಂಡು ಬಾಗಿಲ ಹೊಸ್ತಿಲ ಮೇಲೆ ಕೂತೆ. ಆಕೆ ಲಾಳಿ ಓಡಿಸಿದರು. ಸ್ವಲ್ಪ ನೇಯ್ದು, ನಿಲ್ಲಿಸಿ, ಬಗ್ಗಿ ನೋಡಿದರು. ಕೆಂಪು ನೂಲಿನ ಎರಡು ಉಂಡೆಗಳನ್ನು ಬೆಳಕಿಗೆ ಹಿಡಿದು, ಎದ್ದು ಬಾಗಿಲಿಗೆ ಹೋಗಿ ಹೊರಗೆ ಹಿಡಿದು, ಮತ್ತೆ ಬಂದರು.

"ಹೊರಗೊಂದು ಬಣ್ಣ, ಇಲ್ಲೊಂದು ಬಣ್ಣ ಆಗಾಕತ್ತದ. ಇಲ್ಲಿ ಎರಡೂ ಕಂದು ಕಾಣ್ತಾವ." ಆಮೇಲೆ ನನ್ನ ಮುಖ ನೋಡಿ, "ಬೆಳಕು ಛಲೋ ಅದ ಮತ್ತ," ಎಂದು ಸೇರಿಸಿದರು. ಆ ಸಮಾಧಾನದ ಮಾತೇ ಹೆಚ್ಚು ಚುಚ್ಚಿತು.

ಬಿಳಿ ಬಟ್ಟೆಯ ಮೇಲೆ ಬೆಳಕು ಬೀಳಿಸಿ ನೋಡಿದೆ. ಹಸಿರು ಛಾಯೆ. ಎಳೆಯ ಬಾಳೆಎಲೆಯ ಕೆಳಗೆ ಕೂತಂತೆ. ಟಾಕೀಸಿನ ಗಾಜಿನ ದೋಷವೆಂದು ಅದನ್ನು ತೆಗೆದೆ. ಹಸಿರು ಹಾಗೇ ಇತ್ತು, ಕಟ್ಟಿನ ಬಾಯಿ ಮಾತ್ರ ಮತ್ತೆ ಮೆತ್ತಗಾಗತೊಡಗಿತು. ಗಾಜು ವಾಪಸ್ ಇಟ್ಟೆ. ಮಸೂರ ಹಳದಿಯಾಗಿದೆಯೇನೋ ಎಂದು ಅದನ್ನು ತೊಳೆದೆ, ಒರೆಸಿದೆ. ಬದಲಾಗಲಿಲ್ಲ. ಕೊನೆಗೆ ಉಳಿದಿದ್ದ ಗಿಡ್ಡ ತುಂಡೊಂದನ್ನು ಛಾವಣಿಯ ಮೇಲೆ ಅದೇ ಮಸೂರಕ್ಕೆ ಹಿಡಿದೆ. ಅದರಿಂದ ಬಂದ ಬೆಳಕು ಹಾಲಿನಷ್ಟು ಬೆಳ್ಳಗಿತ್ತು.

ಕಾರಣ ತಿಳಿಯಿತು. ಪ್ಲಾಸ್ಟಿಕ್ಕು ಬೆಳಕನ್ನು ದಾರಿಯುದ್ದಕ್ಕೂ ತಿನ್ನುತ್ತದೆ, ಕೆಂಪನ್ನು ಹೆಚ್ಚು ತಿನ್ನುತ್ತದೆ. ಉದ್ದ ಹೆಚ್ಚಾದಷ್ಟೂ ಕೆಂಪು ಸೋತು ಹಸಿರು ಉಳಿಯುತ್ತದೆ. ಆಕೆಗೆ ಬೇಕಾಗಿದ್ದದ್ದು ಕೆಂಪನ್ನು ತೋರಿಸುವ ಬೆಳಕು. ನಾನು ಇಷ್ಟು ತಿಂಗಳು ಒದ್ದಾಡಿ ತಂದುಕೊಟ್ಟದ್ದು ಕೆಂಪನ್ನೇ ಬಿಟ್ಟು ಬಂದ ಬೆಳಕು. ಆ ಟ್ಯೂಬ್‌ಲೈಟೇ ವಾಸಿಯಿತ್ತು.

ಛಾವಣಿಯ ಮೇಲೆ ನೀರಿನ ಟ್ಯಾಂಕಿಗೆ ಒರಗಿ ಬಹಳ ಹೊತ್ತು ಕೂತೆ. ಎದುರಿಗೆ ಸುರಪುರದ ಬಂಡೆಗುಡ್ಡಗಳ ಮೇಲೆ ಬೇಡವೆಂದರೂ ಸುರಿಯುತ್ತಿರುವ ಬಿಸಿಲು. ಇಷ್ಟೆಲ್ಲ ಬಿಸಿಲಿನಲ್ಲಿ ಒಂದು ಹಿಡಿಯನ್ನು ಕೆಟ್ಟುಹೋಗದಂತೆ ಎರಡು ಮಾಳಿಗೆ ಕೆಳಗಿಳಿಸಲು ನನ್ನಿಂದ ಆಗಲಿಲ್ಲವಲ್ಲ ಎಂದು ಸಿಟ್ಟು ಬಂತು. ಕೇಬಲ್ಲು ನೇರವಾಗಿ ಇಳಿದರೆ ಉದ್ದ ಮೂರರಲ್ಲೊಂದು ಪಾಲಾಗುತ್ತಿತ್ತು. ಅದಕ್ಕೆ ಛಾವಣಿ ಕೊರೆಯಬೇಕು, ಮೇಲಿನ ಮನೆಯೊಳಗಿಂದ ಹಾಯಬೇಕು, ಅವರ ನೆಲವನ್ನೂ ಕೊರೆಯಬೇಕು. ಮೈದುನರನ್ನು ಕೇಳಿದೆ.

"ಮೊದಲ ದಿನಾನ ಹೇಳೀನಲ್ರಿ," ಎಂದು ಒಳಗೆ ಹೋದರು.

ಕೆಳಗೆ ಬಂದು ಹೇಳಿದಾಗ ಆಕೆ ಲಾಳಿ ನಿಲ್ಲಿಸಲಿಲ್ಲ. "ಬ್ಯಾಡ ಬಿಡು ತಮ್ಮಾ. ಅವರಿಗಿ ಕೇಳಿ ಕೆಟ್ಟಾಗೂದು ಬ್ಯಾಡ. ನಾ ಅವರ ಮನಿ ಮೆಟ್ಟಲಾ ಹತ್ತಿ ಎಷ್ಟು ದಿನ ಆತು."

ಯಂತ್ರ ಬಿಚ್ಚಿಕೊಂಡು ಹೋಗುವುದೆಂದು ಮರುದಿನ ಬೋಲ್ಟು ಬಿಚ್ಚುವ ಪಾನಾ ಹಿಡಿದು ಹೋದೆ. ಮೈದುನರು ಅಂಗಡಿಗೆ ಹೋಗಿದ್ದರು. ಮೇಲಿನ ಮನೆಯ ಹೆಣ್ಣುಮಗಳು, ಅವರ ಹೆಂಡತಿ, ಕೈಯಲ್ಲಿ ಮೊರ ಹಿಡಿದು ಛಾವಣಿಗೆ ಬಂದರು. ತೊಗರಿಬೇಳೆ ಹಸನು ಮಾಡಲು ಬೆಳಕಿರುವ ಕಡೆ ಬಂದವರು.

"ಬಿಚ್ಚಾಕತ್ತೀರೇನ್ರಿ?"

"ಹೌದ್ರಿ. ದಾರಿ ಉದ್ದ ಆಗ್ಯದ. ನಿಮ್ಮ ಮನ್ಯಾಗಿಂದ ನೆಟ್ಟಗ ಇಳದ್ರ ಆಗ್ತಿತ್ತು."

ಆಕೆ ಮೊರದಲ್ಲಿದ್ದ ಬೇಳೆ ಕೇರಿ ಮುಗಿಸಿದರು. ಆಮೇಲೆ ನನ್ನನ್ನು ಕೆಳಗೆ ಕರೆದು ಅಡುಗೆಮನೆ ತೋರಿಸಿದರು. ಮಗ್ಗದ ಕೋಣೆಗೆ ಸರಿಯಾಗಿ ಮೇಲೆ ಇದ್ದ ಆ ಕೋಣೆಯೂ ಗವಿಯಂತೆ ಕತ್ತಲೆ. ಮೂಲೆಯ ಸೂರಿನಲ್ಲಿ ಮಳೆನೀರಿನ ಕಲೆ.

"ಕರೆಂಟ್ ಹೋದ್ರ ಬ್ಯಾಳ್ಯಾಗಿನ ಹುಳ ಕಾಣಂಗಿಲ್ಲ ನನಗ. ಈ ಮೂಲಿ ಸೋರ್ತದ, ಬ್ಯಾಸಗ್ಯಾಗ ಗೌಂಡಿ ಬರಾವ ಅದಾನ. ಅವ ಒಡದು ಗಿಲಾವ್ ಮಾಡಾಗ ನಿಮ್ಮ ಪೈಪ್ ಹಾಕ್ರಿ. ಅವರಿಗಿ ನಾ ಹೇಳ್ತೀನಿ." ಒಲೆಕಟ್ಟೆಯತ್ತ ಕೈ ತೋರಿಸಿ ಸೇರಿಸಿದರು: "ನನ್ನ ಒಲಿ ಕಟ್ಟಿಗೂ ಒಂದಿಷ್ಟು ಬೆಳಕು ಬಿಡಬೇಕು. ಬರೀ ತಳಗಿನ ಮನಿಗಿ ಅಂದ್ರ ಆಗಂಗಿಲ್ಲ."

ಇದು ಸರಿಯಾದ ಬೇಡಿಕೆ. ಆದರೆ ನನಗೆ ಮತ್ತೆ ತಲೆನೋವು. ಇದ್ದ ಬೆಳಕೇ ಕಡಿಮೆ. ಎಳೆಗಳನ್ನು ಇಬ್ಭಾಗ ಮಾಡಿದರೆ ಮಗ್ಗದ ಮೇಲೆ ಬೀಳುವುದು ಎಷ್ಟು? ಕೋಣೆ ಬೆಳಗುವ ಮಾತು ಅಲ್ಲಿಗೆ ಮುಗಿಯಿತು. ಇಷ್ಟು ದಿನ ನನ್ನ ತಲೆಯಲ್ಲಿ ಇದ್ದದ್ದು ಗೋಡೆಯಿಂದ ಗೋಡೆಗೆ ಹಗಲು ತುಂಬಿದ ಕೋಣೆ. ಅದನ್ನು ಬಿಡದೆ ಯಂತ್ರ ಬಿಚ್ಚಿಕೊಂಡು ಹೋಗುವುದೋ, ಬಿಟ್ಟು ಒಂದು ಗೇಣು ಬೆಳಕಿಗೆ ಒಪ್ಪುವುದೋ? ಕೆಳಗಿಳಿದು ಕೇಳಿದೆ.

"ಅಕ್ಕಾರ, ಬೆಳಕು ಗೇಣಗಲ ಸಿಗ್ತದ. ಉಳಿದದ್ದು ಮ್ಯಾಲಿನ ಅಡಿಗಿಮನಿಗಿ. ಹೆಂಗ ಮಾಡ್ಲಿ?"

ಆಕೆ ಈ ಸಲ ಲಾಳಿ ಕೈಬಿಟ್ಟರು. "ಯಾರು ಕೇಳಿದ್ರು, ಆಕೀನಾ?"

"ಹೂಂ ರಿ."

"ದಡಿ ಎಷ್ಟು ಅಗಲ ಇರ್ತದ? ಅಷ್ಟಾ ಸಾಕು. ಕೊಡು ಆಕೀಗಿ."

ಮೈದುನರು ಹೇಗೆ ಒಪ್ಪಿದರೋ ನನಗೆ ಗೊತ್ತಿಲ್ಲ. ಶಿವರಾತ್ರಿ ಕಳೆದ ಮೇಲೆ ಗಾರೆ ಕೆಲಸದ ಗೌಂಡಿ ಬಂದ. ಸೋರುವ ಮೂಲೆಯನ್ನು ಒಡೆದಾಗ ನಾನು ಪೈಪು ಇಟ್ಟು, ನೀರು ಇಳಿಯದಂತೆ ಸುತ್ತ ಕಾಲರ್ ಕೂಡಿಸಿದೆ; ಅಡುಗೆಮನೆಯ ನೆಲಕ್ಕೂ ಅವನಿಂದಲೇ ಒಂದು ತೂತು ಹಾಕಿಸಿದೆ. ಸೋರಿದರೆ ನಾನೇ ಬಂದು ಮಾಡಿಕೊಡುವುದೆಂದು ಮಾತು. ಕೇಬಲ್ಲನ್ನು ಕತ್ತರಿಸಿ ಮತ್ತೆ ಬಾಯಿ ಉಜ್ಜಿದೆ. ಮೊದಲ ಸಲ ಉಜ್ಜಿದ್ದು ವಕ್ರವಾಗಿ, ಮತ್ತೆ ಕತ್ತರಿಸಿದೆ. ಎಳೆಗಳಲ್ಲಿ ಒಂದು ಪಾಲು ಒಲೆಕಟ್ಟೆಯ ಮೇಲೆ ನಿಂತಿತು. ಉಳಿದದ್ದು ನೆಲ ದಾಟಿ ಮಗ್ಗದ ದಡಿಯ ಮೇಲೆ ಇಳಿಯಿತು.

ಬೆಳಕು ಬೆಳ್ಳಗಿತ್ತು. ಪೂರ್ತಿ ಬಿಸಿಲಿನಷ್ಟಲ್ಲ, ಆದರೆ ಕೆಂಪು ಕೆಂಪಾಗಿತ್ತು. ಆಕೆ ಎರಡು ಉಂಡೆಗಳನ್ನು ಅದರ ಕೆಳಗೆ, ನೇಯ್ದ ದಡಿಯ ಪಕ್ಕಕ್ಕೆ ಇಟ್ಟರು. ನನ್ನ ಕಣ್ಣಿಗೂ ಬೇರೆ ಬೇರೆ ಕಂಡವು. ಆಕೆ ದಡಿಗೆ ಹೊಂದದ ಒಂದನ್ನು ಎತ್ತಿ ಬುಟ್ಟಿಗೆ ಹಾಕಿ, ಇನ್ನೊಂದರಿಂದ ಹೊಕ್ಕಿನ ನೂಲು ಸುತ್ತತೊಡಗಿದರು. ಆ ಸಲ ಕೊಟ್ಟ ಸೀರೆಗಳು ಅಂಗಡಿಯಿಂದ ವಾಪಸ್ ಬರಲಿಲ್ಲ.

ಇಷ್ಟಾದರೂ ನಾನು ಗೆದ್ದೆ ಎನ್ನಲಾರೆ. ಹೊತ್ತು ಏರಿದ ಮೇಲಿಂದ ಇಳಿಯುವವರೆಗೆ ಮಾತ್ರ ಬೆಳಕು. ಬಣ್ಣ ನೋಡುವ ಕೆಲಸವನ್ನೆಲ್ಲ ಆಕೆ ಆ ಹೊತ್ತಿಗೆ ಇಟ್ಟುಕೊಂಡಿದ್ದಾರೆ. ಮಸೂರದ ಮೇಲೆ ಧೂಳು ಕೂಡುತ್ತದೆ. ಸೂರ್ಯ ಉತ್ತರಕ್ಕೆ ಸರಿದಂತೆ ಎರಡು ಮೂರು ದಿನಕ್ಕೊಮ್ಮೆ ಒಂದು ಬೋಲ್ಟು ತಿರುಗಿಸಬೇಕು. ಅದನ್ನು ಮೇಲಿನ ಮನೆಯಾಕೆ ಕಲಿತರು. ಮೋಡದ ಕಾಟ ಮಾತ್ರ ಇಂದಿಗೂ ಹೋಗಿಲ್ಲ. ಇಂಥದ್ದೇ ಇನ್ನೊಂದು ಮಾಡಿಕೊಡೆಂದು ಕಕ್ಕೇರಾದಿಂದ ಒಬ್ಬರು ಬಂದಿದ್ದರು. ಇಲ್ಲವೆಂದೆ.

ಬೇಸಿಗೆಯ ಕೊನೆಗೆ, ಮೊದಲ ಮೋಡಗಳು ಬರುವ ಕಾಲಕ್ಕೆ, ಮೋಟಾರು ನೋಡಲು ಹೋಗಿದ್ದೆ. ಛಾವಣಿಯ ಮೇಲೆ ಮೋಡ ಹಾಯಿತು. ಚೌಕಟ್ಟು ಎಂದಿನಂತೆ ಕತ್ತು ಹೊರಳಿಸಿ, ಮೋಡ ಸರಿದರೂ ಪೂರ್ವಕ್ಕೆ ಮುಖ ಮಾಡಿ ನಿಂತುಬಿಟ್ಟಿತು. ಬೈದುಕೊಂಡು ಮೋಟಾರಿನ ವೈರು ಕಿತ್ತು, ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ತಿರುಗಿಸತೊಡಗಿದೆ. ಹಿಂದೆ ಟಿವಿ ಆಂಟೆನಾ ತಿರುಗಿಸುತ್ತಿದ್ದೆವಲ್ಲ, ಹಾಗೆ. ಚುಕ್ಕೆ ಕಟ್ಟಿನ ಬಾಯಿಗೆ ಸರಿಯಾಗಿ ಕೂತಿತೋ ಇಲ್ಲವೋ ಮೇಲಿನಿಂದ ತಿಳಿಯುವುದಿಲ್ಲ.

ಪೈಪಿನ ಸಂದಿಯಿಂದ ಮೇಲಿನ ಮನೆಯಾಕೆಯ ದನಿ ಕೇಳಿತು. ನನ್ನನ್ನು ಕೂಗಿದ್ದಲ್ಲ; ನೆಲಕ್ಕೆ ಬಗ್ಗಿ ಕೆಳಗೆ ಕೂಗಿದ್ದು.

"ಅಕ್ಕಾ, ನಿಮ್ಮಲ್ಲೂ ಹೋತೇನು?"

ಕೆಳಗೆ ಮಗ್ಗದ ಸದ್ದು ನಿಂತಿತ್ತು. ನಾನು ಚೌಕಟ್ಟನ್ನು ಕೂದಲಷ್ಟು ಕೂದಲಷ್ಟು ಸರಿಸುತ್ತ ಕಿವಿಗೊಟ್ಟೆ.

"ಹೋತು ನೋಡು," ಎಂದಿತು ಕೆಳಗಿನ ದನಿ. "ತಡಿ, ತಡಿ... ಬಂತು! ನಿಮ್ಮಲ್ಲಿ?"

"ಬಂತಕ್ಕಾ!"

ಬಿಸಿಲಿಗೆ ಕಾದ ಕಬ್ಬಿಣ ಅಂಗೈ ಸುಡುತ್ತಿತ್ತು. ನಾನು ಅಲುಗಾಡದೆ ಹಿಡಿದು ನಿಂತೆ.